ಅತ್ತೆಯ ಕರೆಗಂಟೆ

ವೈರಿಂಗ್ ಕೆಲಸದವನಿಗೆ ಒಂದು ಪದ್ಧತಿಯಿತ್ತು. ಗೋಡೆ ಕೊರೆಯುವ ಮೊದಲು ಮನೆಯವರನ್ನೇ ಕೋಣೆಕೋಣೆಗೂ ಕರೆದು, “ಕಣ್ಣು ಮುಚ್ಕೊಂಡು ಒಳಗೆ ಬನ್ನಿ, ಕೈ ಎಲ್ಲಿಗೆ ಹೋಗುತ್ತೋ ಅಲ್ಲೇ ಸ್ವಿಚ್ಚು” ಎನ್ನುವನು. ಕೈ ತಾಗಿದ ಕಡೆ ಸೀಮೆಸುಣ್ಣದ ಗುರುತು. ದೀಪಕ್ಕೆ ಕತ್ತರಿ ಗೆರೆ, ಪ್ಲಗ್ಗಿಗೆ ಸೊನ್ನೆ. ಗಾರೆ ಮೆತ್ತಿದ ಮೇಲೆ ‘ಅಯ್ಯೋ, ಇಲ್ಲೊಂದು ಬೇಕಿತ್ತು’ ಎಂದರೆ ಬ್ರಹ್ಮನೂ ಕೇಳುವುದಿಲ್ಲ ಎಂಬುದು ಅವನ ಉಪದೇಶ.

ಈ ಸಲ ಅವನು ಕೆಲಸ ಹಿಡಿದ ಮನೆಯಲ್ಲಿ ಹಿಂದಿನ ದೊಡ್ಡ ಕೋಣೆಗೆ ನಡುವೆ ತೆಳುಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಒಂದು ಹಿರಿಯ ಮಗನ ಸಂಸಾರಕ್ಕೆ, ಇನ್ನೊಂದು ಕಿರಿಯವನ ಸಂಸಾರಕ್ಕೆ. ದೊಡ್ಡ ಸೊಸೆ ಬೆಳಗಿನಿಂದ ವೈರಿಂಗಿನವನ ನೆರಳಾಗಿದ್ದಳು. ಓರಗಿತ್ತಿಯ ಗೋಡೆಗೆ ಒಂದು ಸೊನ್ನೆ ಬಿದ್ದರೆ ಇವಳ ಗೋಡೆಗೂ ಒಂದು ಬೀಳಬೇಕು.

“ಅವಳ ಪ್ಲಗ್ಗು ಕಿಟಕಿ ಪಕ್ಕ ಬಂತು. ನಂದು ಯಾಕೆ ಮೂಲೆಗೆ?”

“ಅಮ್ಮಾ, ನಿಮ್ಮ ಕಿಟಕಿ ಇರೋದೇ ಮೂಲೇಲಿ. ನಾನು ಕಿಟಕಿ ಕೀಳೋಕೆ ಬಂದಿಲ್ಲ.”

ಚಿಕ್ಕ ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆ ನಗು ದೊಡ್ಡವಳ ಕಿವಿಯಲ್ಲಿ ಮುಳ್ಳಾಗಿ ಕೂತಿತು.

ಕೊನೆಗೆ ಅತ್ತೆಯ ಕೋಣೆ. ಸೊಂಟ ಬಿದ್ದು ಹಾಸಿಗೆ ಹಿಡಿದ ಜೀವ. ಕೂಗಿದರೆ ಹಿಂದಿನ ಕೋಣೆಗಳಿಗೆ ಕೇಳಿಸದು ಎಂದು ಮಂಚದ ಬಳಿ ಕರೆಗಂಟೆಯ ಗುಂಡಿ ಕೂರಿಸುವುದೆಂದಾಗಿತ್ತು. ಅತ್ತೆ ಮಲಗಿದಲ್ಲಿಂದಲೇ ಕಣ್ಣು ಮುಚ್ಚಿ ಕೈ ಚಾಚಿದರು. ಬೆರಳು ತಾಗಿದಲ್ಲಿ ಗುರುತು ಬಿತ್ತು.

“ಗುಂಡಿ ಇಲ್ಲಾಯ್ತು. ಗಂಟೆ ಎಲ್ಲಿ ಬಾರಿಸ್ಬೇಕು ಅಜ್ಜಿ?”

ದೊಡ್ಡ ಸೊಸೆ ಆಗಲೇ ತನ್ನ ಕೋಣೆಯ ಕಡೆ ತಿರುಗಿದ್ದಳು. ಅದೇನು ಕೇಳುವ ಮಾತೇ? ಈ ಮನೆಗೆ ಕಾಲಿಟ್ಟಾಗಿನಿಂದ ಅತ್ತೆಯ ಬಿಸಿನೀರು, ಮಾತ್ರೆ, ಕಾಲಿಗೆ ಎಣ್ಣೆ, ಎಲ್ಲವೂ ಇವಳ ಕೈಯಿಂದಲೇ ಆಗಿತ್ತು.

“ಚಿಕ್ಕವಳ ಕೋಣೇಲಿ ಹಾಕಪ್ಪ,” ಎಂದರು ಅತ್ತೆ.

ದೊಡ್ಡ ಸೊಸೆ ಅರ್ಧದಲ್ಲೇ ಹಿಂದಿರುಗಿ ನೋಡಿದಳು. ಚಾಕರಿಯ ಹೊರೆ ಇಳಿಯಿತಲ್ಲ ಎಂದು ಬೇರೆ ಯಾರಾದರೂ ಹಿಗ್ಗುತ್ತಿದ್ದರು. ಇವಳಿಗೆ ಮಾತ್ರ ತಲೆಯ ಮೇಲಿನ ಕೊಡವನ್ನು ಯಾರೋ ಕಿತ್ತುಕೊಂಡು, ನೀರೆಲ್ಲ ಮೈಮೇಲೆ ಚೆಲ್ಲಿದಂತಾಯಿತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ತನ್ನ ಕಾಲ ಬರುವ ಮೊದಲೇ ಓರಗಿತ್ತಿಯ ಕಾಲ ಬಂದುಬಿಟ್ಟಿತೇ? ವೈರಿಂಗಿನವನು ತೆಳುಗೋಡೆಯ ಆಚೆ ಬದಿಗೆ ಪುಟ್ಟ ಗಂಟೆಯ ಚಿತ್ರ ಬರೆದ. ಅದು ತನ್ನನ್ನೇ ನೋಡಿ ನಾಲಿಗೆ ಚಾಚಿದಂತೆ ಕಂಡಿತು ಅವಳಿಗೆ.

ಕೆಲಸದವರು ಊಟಕ್ಕೆ ಹೋದರು. ಚಿಕ್ಕವಳು ಬಟ್ಟೆ ಒಣಹಾಕಲು ಮಹಡಿ ಹತ್ತಿದಳು. ದೊಡ್ಡವಳು ಒದ್ದೆ ಬಟ್ಟೆ ಹಿಡಿದು ಓರಗಿತ್ತಿಯ ಕೋಣೆ ಹೊಕ್ಕಳು; ಒಂದೇ ಒರಸಿಗೆ ಗಂಟೆ ಮಾಯ. ಆಮೇಲೆ ಬಾಗಿಲಿಂದ ಗೇಣು ಹಾಕಿ ಅಳೆದುಕೊಂಡು, ತನ್ನ ಕಡೆಯ ಗೋಡೆಯ ಮೇಲೆ ಸರಿಯಾಗಿ ಅದೇ ಎತ್ತರಕ್ಕೆ, ಅದೇ ಜಾಗಕ್ಕೆ, ಒಂದು ಗಂಟೆ ಬರೆದಳು. ಅವಳದ್ದಕ್ಕಿಂತ ಬೆರಳಷ್ಟು ಕೆಳಗೆ ಬಂದರೂ ಸಹಿಸುವ ಜೀವವಲ್ಲ ಅದು.

ಮರುದಿನ ವೈರಿಂಗಿನವನು ಪೈಪು ತರಲು ಅಂಗಡಿಗೆ ಹೋಗಿದ್ದಾಗ ಗಾರೆಯವರಿಬ್ಬರು ಉಳಿ ಸುತ್ತಿಗೆ ಹಿಡಿದು ಬಂದರು. ಒಬ್ಬ ದೊಡ್ಡವಳ ಕೋಣೆಗೆ, ಒಬ್ಬ ಚಿಕ್ಕವಳ ಕೋಣೆಗೆ. ಗುರುತು ಕಂಡಲ್ಲಿ ಕೊರೆಯುವುದಷ್ಟೇ ಅವರ ಧರ್ಮ. ಆಚೆ ಠಣ್ ಎಂದರೆ ಈಚೆ ಠಣ್. ದೊಡ್ಡವಳು ಬಾಗಿಲಲ್ಲಿ ನಿಂತು ಆ ತಾಳವನ್ನು ಹಾಡು ಕೇಳಿದ ಹಾಗೆ ಕೇಳುತ್ತಿದ್ದಳು. ಅಷ್ಟರಲ್ಲಿ ದಡದಡ ಇಟ್ಟಿಗೆಚೂರು ಉದುರಿ, ಗೋಡೆಯಲ್ಲಿ ಬೆಳಕು ಕಂಡಿತು.

“ಯಾರಣ್ಣ ಅದು, ನನ್ನ ಗೋಡೆಯೊಳಗೆ?” ಈಚೆಯವನು ಕೂಗಿದ.

“ನಿನ್ನ ಗೋಡೆಯಾ? ನಾನು ಬೆಳಗ್ಗಿಂದ ನನ್ನ ಗೋಡೇನೇ ಕೊರೀತಿದ್ದೀನಿ!” ಆಚೆಯಿಂದ ಉತ್ತರ.

ಆ ತೂತಿನಲ್ಲಿ ಚಿಕ್ಕ ಸೊಸೆಯ ಮುಖ ಕಾಣಿಸಿಕೊಂಡಿತು. “ಅಕ್ಕಾ, ನಿಮ್ಮ ಕಡೆ ಇಲ್ಲಿ ಏನೂ ಇರ್ಲಿಲ್ಲವಲ್ಲ?”

“ನಿನ್ನ ಕಡೆಯದು ಅಳಿಸಿ ಹೋಗಿತ್ತಲ್ಲ!” ದೊಡ್ಡವಳ ಬಾಯಿಂದ ಮಾತು ಜಾರಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಕೂಗಿಯೂ ಇರಲಿಲ್ಲ.

“ಅಳಿಸಿ ಹೋಗಿತ್ತು. ನಾನೇ ಮತ್ತೆ ಬರೆದೆ,” ಎಂದಳು ಚಿಕ್ಕವಳು ಮೆಲ್ಲಗೆ. “ಸೀಮೆಸುಣ್ಣ ಮೆತ್ತಿದ ಒದ್ದೆ ಬಟ್ಟೆ ನಿಮ್ಮ ಬಾಗಿಲಲ್ಲಿ ಒಣಗ್ತಿತ್ತು, ಅಕ್ಕ. ನಾನು ಯಾರಿಗೂ ಹೇಳಲಿಲ್ಲ.”

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಈ ದೊಡ್ಡತನಕ್ಕೆ ಏನು ಹೇಳುವುದು? ಅದನ್ನೂ ಅವಳೇ ಕೊಂಡೊಯ್ದಳಲ್ಲ ಎಂದು ದೊಡ್ಡವಳಿಗೆ ಇನ್ನಷ್ಟು ಉರಿ ಹತ್ತಿತು. ನೇರವಾಗಿ ಅತ್ತೆಯ ಮಂಚದ ಮುಂದೆ ಹೋಗಿ ನಿಂತಳು. ಅಂಗಡಿಯಿಂದ ಬಂದ ವೈರಿಂಗಿನವನು ಪೈಪಿನ ಸಮೇತ ಬಾಗಿಲಲ್ಲೇ ನಿಂತ.

“ನಾನೇನು ಕಮ್ಮಿ ಮಾಡಿದೆ ಅತ್ತೆ? ಹೇಳಿಬಿಡಿ.”

“ಕಮ್ಮಿ ಏನಿಲ್ಲವೇ ತಾಯಿ. ನೀನು ಬಂದ್ರೆ ಮಾತ್ರೆ ಬರುತ್ತೆ. ಅವಳು ಬಂದ್ರೆ ಪದ್ಯ ಬರುತ್ತೆ. ಮಾತ್ರೆಗೆ ಒಂದು ಹೊತ್ತಿದೆ, ಕರೀದಿದ್ರೂ ನೀನು ಬರ್ತೀಯ. ಪದ್ಯ ಕೇಳ್ಬೇಕು ಅಂತ ಜೀವ ಯಾವಾಗ ಒದ್ದಾಡುತ್ತೋ ಯಾರಿಗೆ ಗೊತ್ತು? ಅದಕ್ಕೆ ಗಂಟೆ.”

ನಿಜವಿತ್ತು. ಚಿಕ್ಕವಳ ಕಂಠದಲ್ಲಿ ಪದ್ಯ ಹಾಲಿನ ಕೆನೆಯಂತೆ ಮೆಲ್ಲಗೆ ಏಳುತ್ತಿತ್ತು. ದೊಡ್ಡವಳದು ಒಡಕು ಗಂಟಲು. ನಿಜವಾದ್ದರಿಂದಲೇ ಅದು ಇನ್ನೂ ಆಳಕ್ಕೆ ಇಳಿಯಿತು.

ವೈರಿಂಗಿನವನು ಗಂಟಲು ಸರಿಮಾಡಿಕೊಂಡ. “ಅಮ್ಮಾ, ಹೇಗೂ ತೂತು ಬಿದ್ದಾಯ್ತು. ಗಂಟೇನ ಅದರೊಳಗೇ ಕೂರಿಸಿ ಎರಡೂ ಕಡೆ ಜಾಲರಿ ಹಾಕ್ತೀನಿ. ಇಬ್ಬರಿಗೂ ಕೇಳುತ್ತೆ. ಒಬ್ಬರಿಗೆ ಒಂದು ಸಲ, ಇನ್ನೊಬ್ಬರಿಗೆ ಎರಡು ಸಲ ಒತ್ತಿದ್ರಾಯ್ತು.”

“ಒಂದು ನನಗೆ,” ಎಂದಳು ದೊಡ್ಡವಳು ತಕ್ಷಣ. “ಮನೆಗೆ ಮೊದಲು ಬಂದವಳು ನಾನು.”

“ಆಗ್ಲಿ ಅಕ್ಕ, ನನಗೆ ಎರಡೇ ಇರ್ಲಿ,” ಎಂದಳು ಚಿಕ್ಕವಳು. ಎರಡು ಒಂದಕ್ಕಿಂತ ಹೆಚ್ಚಲ್ಲವೇ ಎಂದು ದೊಡ್ಡವಳಿಗೆ ಹೊಳೆದದ್ದು ಆಮೇಲೆ. ಅಷ್ಟರಲ್ಲಿ ಮಾತು ಕೈಜಾರಿತ್ತು.

ಬಣ್ಣ ಬಳಿದು, ಸಾಮಾನು ಜೋಡಿಸಿ, ಮನೆ ತನ್ನ ಲಯಕ್ಕೆ ಬಂತು. ಎಂಥ ಶಿಕ್ಷೆಯನ್ನು ತಾನೇ ಕೇಳಿ ಪಡೆದೆ ಎಂದು ದೊಡ್ಡವಳಿಗೆ ಆಗ ಅರ್ಥವಾಯಿತು. ಪ್ರತಿ ಸಲವೂ ಮೊದಲ ಸದ್ದು ಅವಳದೇ. ಟ್ರಿಣ್ ಎಂದೊಡನೆ ಎದೆ ಹಿಗ್ಗುವುದು, ಕಾಲು ಏಳುವುದು. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಟ್ರಿಣ್. ಎದ್ದವಳು ಹಾಗೆಯೇ ಕೂರುವಳು. ಗೋಡೆಯಾಚೆ ಬಳೆಗಳ ಸದ್ದು ಎದ್ದು ಅತ್ತೆಯ ಕೋಣೆಯ ಕಡೆ ನಡೆದುಹೋಗುವುದು. ಸ್ವಲ್ಪ ಹೊತ್ತಿಗೆ ಪದ್ಯ ಕೇಳಿಸುವುದು. ಇವಳು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. ಸಾಲುಸಾಲಾಗಿ ಕೇಳಿ, ತುಟಿಯೊಳಗೇ ಹೇಳಿಕೊಂಡು ಕಲಿಯುತ್ತಿದ್ದಳು.

ಒಂದು ಸಂಜೆ ಅವಳು ಅತ್ತೆಯ ಸೀರೆ ಮಡಿಸಿ, ಅವರ ಕೋಣೆಯಲ್ಲಿಡಲು ಹೋಗುತ್ತಿದ್ದಳು. ಹಿಂದಿನಿಂದ ಟ್ರಿಣ್ ಎಂದಿತು. ಸೀರೆಯನ್ನು ಎದೆಗವಚಿಕೊಂಡು ಅವಳು ಓಡಿದಳು.

ಅತ್ತೆಯ ಹೆಬ್ಬೆರಳು ಎರಡನೆಯ ಸಲಕ್ಕೆಂದು ಗುಂಡಿಯ ಮೇಲೆ ಎತ್ತಿಯೇ ಇತ್ತು.

“ಇನ್ನೊಂದು ಒತ್ತೋದಿತ್ತಲ್ಲೇ,” ಎಂದರು ಅತ್ತೆ.

“ನನಗೆ ಒಂದೇ ಕೇಳಿಸ್ತು,” ಎಂದು ದೊಡ್ಡವಳು ಮಂಚದ ಅಂಚಿಗೆ ಕೂತಳು. ಕೇಳುವ ಮೊದಲೇ ಪದ್ಯ ಶುರುಮಾಡಿದಳು. ಮೊದಲ ಸಾಲು ಕೆಮ್ಮಿನ ಹಾಗೆ ಹೊರಬಂತು. ಎರಡನೆಯದು ಸ್ವಲ್ಪ ನೆಟ್ಟಗಾಯಿತು. ಮೂರನೆಯದು ಮರೆತೇಹೋಯಿತು. ಅತ್ತೆಯ ಹೆಬ್ಬೆರಳು ಮೆಲ್ಲಗೆ ಗುಂಡಿಯ ಕಡೆ ಸರಿಯಿತು.

ದೊಡ್ಡವಳು ಆ ಕೈಯನ್ನು ಗೋಡೆಯಿಂದ ಬಿಡಿಸಿ ತನ್ನ ಅಂಗೈಯೊಳಗೆ ಇಟ್ಟುಕೊಂಡಳು. ಬಿಗಿಯಾಗಿಯೇ ಹಿಡಿದುಕೊಂಡು, ಪದ್ಯವನ್ನು ಮೊದಲಿನಿಂದ ಎತ್ತಿಕೊಂಡಳು.