ಬಿಟ್ಟುಹೋದ ವಿವರ

ಸರ್ಕಾರಿ ಕಚೇರಿಯ ಮೆಟ್ಟಿಲ ಬಳಿ ಕುಳಿತು ಮೂವತ್ತೆಂಟು ವರ್ಷ ಊರಿನವರ ಅರ್ಜಿ ಬರೆದುಕೊಟ್ಟವರನ್ನು ಊರು ಅರ್ಜಿ ಸಾಹೇಬರು ಅನ್ನದೆ ಇನ್ನೇನು ಅಂದೀತು? ಅಲುಗಾಡುವ ಮೇಜು, ಅರ್ಧ ಅಕ್ಷರ ಸವೆದ ಟೈಪ್‌ರೈಟರ್, ಮೂಗಿನ ತುದಿಗಿಳಿದ ಕನ್ನಡಕ, ಇಷ್ಟೇ ಅವರ ಆಸ್ತಿ. ಆದರೆ ಅವರು ಬರೆದ ಅರ್ಜಿ ತಪ್ಪಿದೆಯೆಂದು ವಾಪಸ್ ಬಂದದ್ದನ್ನು ಕಂಡವರಿಲ್ಲ. ಅಧಿಕಾರಿಗಳು ಚಾಪೆಯ ಕೆಳಗೆ ತೂರಿದರೆ ಇವರು ರಂಗೋಲಿಯ ಕೆಳಗೆ ತೂರುವವರು.

"ಬರೀದೇ ಇದ್ದದ್ದು ಸಿಗಲ್ಲ" ಎಂಬುದು ಅವರ ಒಂದೇ ಸೂತ್ರ. ಒಬ್ಬ ಗಾರೆಯವನು ತಾನೇ ಬುದ್ಧಿವಂತನೆಂದು ‘ಮನೆಗೊಂದು ನಲ್ಲಿ ದಯಪಾಲಿಸಬೇಕು’ ಎಂದು ಸ್ವಂತ ಕೈಯಲ್ಲಿ ಬರೆದು ಕೊಟ್ಟಿದ್ದ. ನಲ್ಲಿ ಬಂತು, ಗೋಡೆಯಲ್ಲಿ ಕೂತಿತು. ನೀರು ಬೇಕೆಂದು ಬರೆದಿರಲಿಲ್ಲ, ನೀರು ಬರಲಿಲ್ಲ. ಸಾಹೇಬರು ಈ ಕತೆಯನ್ನು ಹೊಸ ಗಿರಾಕಿಗಳಿಗೆಲ್ಲ ಹೇಳಿ ಹೊಟ್ಟೆ ತುಂಬ ನಗುತ್ತಿದ್ದರು.

ದೇವರ ಹತ್ತಿರವೂ ಅವರದು ಇದೇ ಶಿಸ್ತು. ನಮಾಜ್ ಮುಗಿಸಿ ದುವಾಕ್ಕೆ ಕೈ ಎತ್ತಿದರೆಂದರೆ ವಿಷಯ, ವಿವರ, ಕೋರಿಕೆ, ಒಂದಾದ ಮೇಲೊಂದು. ಮೊಣಕಾಲು ನೋವೆಂದರೆ ಎಡಗಾಲೋ ಬಲಗಾಲೋ ಹೇಳದೆ ಬಿಡುವವರಲ್ಲ. ಅವರ ಹೆಂಡತಿಯದು ತದ್ವಿರುದ್ಧ. ನಮಾಜ್ ಅಷ್ಟಕ್ಕಷ್ಟೇ ಮುಗಿಸಿ, ಆಮೇಲೆ ಪಾತ್ರೆ ತಿಕ್ಕುತ್ತಾ, ಸೂಜಿಗೆ ದಾರ ಪೋಣಿಸುತ್ತಾ ದಿನವಿಡೀ ಅಲ್ಲಾಹನ ಜೊತೆ ಮಾತು. "ನೋಡಿದ್ಯಾ ಇವರ ಬುದ್ಧೀನ? ಛತ್ರಿ ಮತ್ತೆ ಕಚೇರೀಲೇ ಬಿಟ್ಟು ಬಂದಿದ್ದಾರೆ!"

"ತಲೆ ಇಲ್ಲ, ಬುಡ ಇಲ್ಲ. ಇದೆಂಥ ದುವಾನೇ?" ಎಂದು ಸಾಹೇಬರು ಛೇಡಿಸುವರು.

"ನಿಮ್ಮ ಹಾಗೆ ಅವನ ಮುಂದೆ ಫೈಲ್ ಹಿಡ್ಕೊಂಡು ನಿಲ್ಲೋಕೆ ನನಗೆ ಬರಲ್ಲ, ಹೋಗ್ರಿ."

ಒಂದು ಬೆಳಿಗ್ಗೆ ಬಟ್ಟೆ ಹಿಂಡುತ್ತಿದ್ದವಳು ಹಾಗೇ ಗೋಡೆಗೆ ಒರಗಿ ಕುಸಿದಳು. ಬಾಯಿ ಒಂದು ಕಡೆ ವಾಲಿತು. ಮಗಳು ಆಂಬುಲೆನ್ಸ್‌ಗೆ ಫೋನ್ ಮಾಡಿದಳು, ಸಾಹೇಬರು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ, ಸಂಜೆಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕುಳಿತು ಸಾಹೇಬರು ಕೈ ಎತ್ತಿದರು. ವಿಷಯ ಹೊಳೆಯಲಿಲ್ಲ, ವಿವರ ಹೊಳೆಯಲಿಲ್ಲ. "ಯಾ ಅಲ್ಲಾಹ್, ಅವಳ ಜೀವ ಉಳಿಸು" ಎಂಬ ಒಂದೇ ಮಾತು ಹೊರಬಂತು. ಸಂಜೆಯತನಕ ಅದನ್ನೇ ಹೇಳಿದರು.

ಜೀವ ಉಳಿಯಿತು. ಹನ್ನೊಂದನೆಯ ದಿನ ಅವಳು ಮನೆಗೆ ಬಂದಳು. ಬಲಗೈಯ ಸ್ವಾಧೀನ ಹೋಗಿತ್ತು, ಮಾತು ಹೋಗಿತ್ತು.

ಬಂದವರೆಲ್ಲ ದೇವರ ದಯೆ ನೆನೆದು ಅಲ್ಹಮ್ದುಲಿಲ್ಲಾಹ್ ಅಂದರು, ಸಾಹೇಬರೂ ಅಂದರು. ಆದರೆ ಅನ್ನುತ್ತಲೇ ಅವರಿಗೆ ಬೆಂಚಿನ ಮೇಲಿನ ತಮ್ಮ ದುವಾ ನೆನಪಾಯಿತು. ಜೀವ ಎಂದಷ್ಟೇ ಕೇಳಿದೆನಲ್ಲ! ಮಾತು ಎಂದು ಹೇಳಲಿಲ್ಲ, ಕೈ ಎಂದು ಹೇಳಲಿಲ್ಲ. ನಲ್ಲಿ ಕೇಳಿದ ಗಾರೆಯವನನ್ನು ಊರ ತುಂಬ ಆಡಿಕೊಂಡವನು, ಕಟ್ಟಿಕೊಂಡವಳ ಅರ್ಜಿಯಲ್ಲೇ ವಿವರ ಬಿಟ್ಟೆನಲ್ಲ! ಕೇಳಿದರೆ ನಮಗೆ ನಗು ಬರಬಹುದು. ಅವರಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ಅವಳ ನಾಲಿಗೆಯನ್ನು ತಾವೇ ಕೈಯಾರೆ ಕಳೆದೆವೆಂದು ನಂಬಿಬಿಟ್ಟರು, ಯಾರಿಗೂ ಹೇಳಲಿಲ್ಲ.

ತಿದ್ದುಪಡಿ ಶುರುವಾಯಿತು. ಮಾತು ಕಲಿಸಲು ಬರುತ್ತಿದ್ದ ತರಬೇತಿಯವಳನ್ನು ಕೇಳಿ ನಾಲಿಗೆ, ತುಟಿ, ಗಂಟಲಿನ ಸ್ನಾಯುಗಳನ್ನೆಲ್ಲ ಬಾಯಿಪಾಠ ಮಾಡಿದರು. ಮುಂದಿನ ಕೋಣೆಯಲ್ಲಿ ನಮಾಜ್ ಮುಗಿಸಿ ಒಂದೊಂದನ್ನೂ ಹೆಸರು ಹಿಡಿದು ಬೇಡುವರು. ಕಿರುನಾಲಿಗೆಯೂ ಬಿಟ್ಟುಹೋಗುವಂತಿಲ್ಲ. ಬಲಗೈಯ ಬೆರಳು ಐದೂ ಬೇರೆ ಬೇರೆ. "ಅಪ್ಪಾ, ಊಟ ಆರೋಗ್ತಿದೆ" ಎಂದು ಮಗಳು ಬಾಗಿಲಲ್ಲಿ ನಿಂತು ನಿಂತು ಸಾಕಾಗಿ ಹೋಗುವಳು. ಎರಡು ತಿಂಗಳಾಯಿತು. ಹೆಂಡತಿಯ ಬಾಯಿಂದ ಒಂದಕ್ಷರ ಹೊರಡಲಿಲ್ಲ.

ಕೊನೆಗೆ ಸಾಹೇಬರು ಮಸೀದಿಯಲ್ಲಿ ಮೌಲ್ವಿಯನ್ನು ಕಂಬದ ಮರೆಗೆ ಕರೆದರು. "ಒಬ್ಬ ಅವಸರದಲ್ಲಿ ದುವಾ ಮಾಡ್ದ. ಮುಖ್ಯ ವಿವರಾನೇ ಬಿಟ್ಟುಹೋಯ್ತು. ಅದರ ಫಲ ಇನ್ಯಾರೋ ಅನುಭವಿಸ್ತಿದ್ದಾರೆ. ಈಗೇನು ಮಾಡ್ಬೇಕು ಅವನು?"

ಮೌಲ್ವಿಗೆ ಇವರ ಮಗನಷ್ಟು ವಯಸ್ಸು. ‘ಒಬ್ಬ’ ಯಾರೆಂದು ತಿಳಿಯಲು ಅವರಿಗೆ ಕನ್ನಡಿ ಬೇಕಿರಲಿಲ್ಲ. "ಕೇಳೋದನ್ನ ಆ ಒಬ್ಬ ಚೆನ್ನಾಗೇ ಕಲ್ತಿದ್ದಾನೆ. ಯಾರ ಹತ್ರ ಕೇಳ್ತಿದ್ದೀನಿ ಅಂತ ಮೊದ್ಲು ತಿಳ್ಕೊಳ್ಳಲಿ ಅಂತ ಹೇಳಿ" ಎಂದರು.

ಸಾಹೇಬರಿಗೆ ಹೊಳೆದದ್ದೇನು? ಸಂಬೋಧನೆ! ಮೇಲಿನ ‘ಮಾನ್ಯರೇ’ ಸರಿಯಾಗಿ ಬಿದ್ದಿಲ್ಲ! ಅಂದಿನಿಂದ ಅಲ್ಲಾಹನ ತೊಂಬತ್ತೊಂಬತ್ತು ಹೆಸರುಗಳನ್ನೂ ಅರ್ಥಸಮೇತ ಮೊದಲು ಹೇಳಿ, ಆಮೇಲೆ ಸ್ನಾಯುಗಳಿಗೆ ಬರತೊಡಗಿದರು. ಕೋಣನ ಮುಂದೆ ಕಿನ್ನರಿ ಬಾರಿಸುವುದೆಂದರೆ ಇದೇ.

ಆದರೂ ಕಿನ್ನರಿ ಕಿನ್ನರಿಯೇ. ಒಂದು ಮಧ್ಯಾಹ್ನ ಹೆಸರುಗಳನ್ನು ಹೇಳುತ್ತಾ "ಎಲ್ಲ ಬಲ್ಲವನೇ" ಎಂಬಲ್ಲಿಗೆ ಬಂದು ಸಾಹೇಬರು ನಿಂತುಬಿಟ್ಟರು. ಎಲ್ಲ ಬಲ್ಲವನೇ ಎಂದು ಕರೆದು, ಅರ್ಜಿಯ ಕೆಳಗೆ ಬಲಗೈಯಲ್ಲಿ ಐದು ಬೆರಳಿವೆ ಎಂದು ತಿಳಿಸುವುದೇ? ಹಾಗಾದರೆ ಆ ದಿನ ಬೆಂಚಿನ ಮೇಲೂ ಅವನಿಗೆ ಗೊತ್ತಿತ್ತು. ಮಾತು, ಕೈ, ಮನೆ ತುಂಬ ಅವಳ ಗಲಗಲ, ಹೇಳದೆ ಉಳಿದದ್ದೆಲ್ಲ ಗೊತ್ತಿತ್ತು. ಬರೆದದ್ದನ್ನಷ್ಟೇ ಕೊಡುವ ಯಾವ ಕಚೇರಿ ಗುಮಾಸ್ತನನ್ನು ಕಂಡು ಮೂವತ್ತೆಂಟು ವರ್ಷ ಹೆದರಿದರೋ, ಅದೇ ಗುಮಾಸ್ತನನ್ನು ತಾವು ಅರ್ಶ್‌ನ ಮೇಲೆ, ಅಲ್ಲಾಹನ ಸಿಂಹಾಸನದಲ್ಲಿ ಕೂರಿಸಿದ್ದರು. ಅವರಿಗೆ ನಾಚಿಕೆಯಾಯಿತು.

ನಾಚಿಕೆಯ ಹಿಂದೆಯೇ ದುಃಖ ಒತ್ತರಿಸಿ ಬಂತು. ತಪ್ಪು ತಮ್ಮದಾಗಿದ್ದರೆ ತಿದ್ದಬಹುದಿತ್ತು. ತಿದ್ದಲು ಏನೂ ಇಲ್ಲವೆಂದ ಮೇಲೆ ಅವಳ ಮೂಕ ಬಾಯಿ ಮಾತ್ರ ಉಳಿಯಿತು. ಎತ್ತಿದ ಕೈ ಎತ್ತಿದಂತೆಯೇ ಎದ್ದು ಒಳಕೋಣೆಗೆ ಹೋಗಿ, ಅವಳ ಮಂಚದ ಬಳಿ ಕುಕ್ಕರಿಸಿ, ಎಲ್ಲವನ್ನೂ ಹೇಳಿಕೊಂಡು ಅತ್ತರು. "ನಾನೇ ಬಿಟ್ಟೆ ಅಂದ್ಕೊಂಡಿದ್ದೆ ಕಣೇ. ಹಾಗಲ್ಲ ಅಂತ ಈಗ ಹೊಳೀತು. ಹಾಗಿದ್ರೆ ಯಾಕೆ ಹೀಗಾಯ್ತು? ನನಗೆ ಗೊತ್ತಾಗ್ತಿಲ್ಲ."

ಅವಳು ದಿಟ್ಟಿಸಿ ನೋಡಿದಳು. ಕಿರುನಾಲಿಗೆಯ ವಿಷಯಕ್ಕೆ ಬಂದಾಗಲೇ ಅವಳ ಮುಖದ ಅರ್ಧ ನಕ್ಕುಬಿಟ್ಟಿತ್ತು. ಆಮೇಲೆ ಎಡಗೈಯಿಂದ ಅವರ ಕಣ್ಣೊರೆಸಿ, ಅದೇ ಕೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ತುಟಿ ಅಲುಗಿಸತೊಡಗಿದಳು. ಸದ್ದಿಲ್ಲ. ತುಟಿ ಮಾತ್ರ ಸರಸರ ಆಡುತ್ತಿತ್ತು, ಹುಬ್ಬು ಏರಿಳಿಯುತ್ತಿತ್ತು, ನಡುವೆ ಒಮ್ಮೆ ಗಂಡನ ಕಡೆ ಓರೆನೋಟ ಬೀರಿ ತಲೆ ಕೊಡವಿದ್ದೂ ಆಯಿತು.

"ಏನು ಮಾಡ್ತಿದ್ದಾಳೆ?" ಸಾಹೇಬರು ಬಾಗಿಲಲ್ಲಿ ನಿಂತಿದ್ದ ಮಗಳನ್ನು ಕೇಳಿದರು.

"ದಿನಾ ಹೀಗೇ ಅಪ್ಪ. ಆಸ್ಪತ್ರೆಯಿಂದ ಬಂದ ದಿನದಿಂದ. ನೀವು ಆ ಕೋಣೇಲಿ ಇರ್ತಿದ್ರಲ್ಲ, ನೋಡಿಲ್ಲ ಅಷ್ಟೆ."

ಸಾಹೇಬರು ಮಂಚದ ಕಾಲು ಹಿಡಿದು ಹತ್ತಿರ ಸರಿದರು. ತುಟಿ ಓದಿ ಅಲ್ಲೊಂದು ಇಲ್ಲೊಂದು ಪದ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಅವಳು ಮುಗಿಸಿ ಎಡಗೈಯನ್ನು ಮುಖಕ್ಕೆ ಸವರಿಕೊಂಡಾಗ "ಆಮೀನ್" ಅಂದರು. ಏನು ಕೇಳಿಕೊಂಡೆ ಎಂದು ಕೇಳಲಿಲ್ಲ.