ನೆರಳಿನ ಟೊಂಗೆ

ಹದ್ದಿನ ಮರಿ ಸತ್ತ ದಿನ ನಾನು ಬೈದದ್ದು ಆಡು ಕಾಯುವ ಜಿಲಾನಸಾಬಣ್ಣನಿಗೆ. ಬಸ್‌ಸ್ಟ್ಯಾಂಡ್ ಕಟ್ಟೆಯ ಮೇಲೆ ಹತ್ತು ಮಂದಿ ಕೂತಿದ್ದರು. ಅವರೆದುರೇ ಬಾಯಿಗೆ ಬಂದಂತೆ ಬೈದೆ. ನನ್ನ ಬಾಯಿ ಕೆಟ್ಟದ್ದೆಂದು ನನಗೂ ಗೊತ್ತು.

"ಮಾತು ಕೊಟ್ಟು ಕುತ್ತಿಗಿ ಕೊಯ್ದಿ! ಆಡಿನ ಹೊಟ್ಟಿ ಸಲುವಾಗಿ ಮರೀನ ಕೊಂದಿ, ಕಳ್ಳಾ!"

ಅವನು ಒಂದೇ ಮಾತು ಹೇಳಿದ. "ಟೊಂಗಿ ಹೆಂಗ ಕಡದಾರ ನೋಡೀಯೇನು, ತಂಗಿ?"

ನೋಡುವ ತಾಳ್ಮೆ ನನಗೆಲ್ಲಿತ್ತು?

ಕುಷ್ಟಗಿ ಕಡೆಯ ನಮ್ಮ ಹೊಲದ ಬದುವಿನಲ್ಲಿ ಒಂದು ದೊಡ್ಡ ಜಾಲಿಗಿಡವಿದೆ. ಮೂರು ವರ್ಷದಿಂದ ಹಾವು ಹಿಡಿಯುವ ಹದ್ದುಗಳ ಜೋಡಿ ಅದರಲ್ಲಿ ಗೂಡು ಕಟ್ಟುತ್ತಿತ್ತು. ವರ್ಷಕ್ಕೆ ಒಂದೇ ಮೊಟ್ಟೆ, ಒಂದೇ ಮರಿ. ಪಕ್ಷಿಗಳ ಹುಚ್ಚಿನ ಕಾಲೇಜು ಮೇಷ್ಟ್ರು ಶರಣಕುಮಾರ ಸರ್ ಮೊದಲ ವರ್ಷವೇ ಅದನ್ನು ಕಂಡು, ನನಗೊಂದು ದುರ್ಬೀನು, ಒಂದು ವಹಿ ಕೊಟ್ಟರು. "ತಾಯಿ ಯಾವಾಗ ಹೋಗತೈತಿ, ಯಾವಾಗ ಬರತೈತಿ, ಏನ ತರತೈತಿ, ಎಲ್ಲಾ ಬರೀರಿ ದ್ರಾಕ್ಷಾಯಿಣಿಯವರ. ಮರಿ ಉಳಿಯೂದು ನಿಮ್ಮ ಕೈಯಾಗೈತಿ." ಏಳನೇ ಇಯತ್ತೆಗೆ ಸಾಲಿ ಬಿಟ್ಟವಳನ್ನು ಯಾರೂ ಹಾಗೆ ಕರೆದಿರಲಿಲ್ಲ. ಕಳೆ ತೆಗೆಯುತ್ತಲೇ ಒಂದು ಕಣ್ಣು ಗೂಡಿನ ಮೇಲಿಟ್ಟು, ಒಂದು ದಿನವೂ ಬಿಡದೆ ಬರೆದೆ.

ಬೇಸಿಗೆಯಲ್ಲಿ ಜಾಲಿಯ ಸೊಪ್ಪು-ತಪ್ಪಲೆಂದರೆ ಆಡುಗಳಿಗೆ ಜೀವ. ಆದರೂ ನಾನು ಕೇಳಿದ್ದಕ್ಕೆ ಜಿಲಾನಸಾಬಣ್ಣ, "ಮರಿ ಹಾರೂತನಕ ಆ ಗಿಡಕ್ಕ ದೋಟಿ ಹಚ್ಚೂದಿಲ್ಲ" ಎಂದಿದ್ದ. ಕುಡುಗೋಲು ಕಟ್ಟಿದ ಆ ಉದ್ದನೆಯ ದೋಟಿ ಹೊತ್ತು ದಿನಾ ಎರಡು ಮೈಲಿ ಆಚೆ ಆಡು ಹೊಡೆದುಕೊಂಡು ಹೋಗುತ್ತಿದ್ದ.

ಆ ರವಿವಾರ ಗೆಳೆಯರೊಂದಿಗೆ ಬಂದ ಸರ್, "ನೀವು ಸಂತಿಗೆ ಹೋಗಿ ಬರ್ರಿ, ಇವತ್ತ ನಾವು ನೋಡ್ಕೋತೀವಿ" ಎಂದರು. ಎಂಥ ದೊಡ್ಡ ಮನಸ್ಸು ಅಂದುಕೊಂಡು ಹೋದೆ. ಮಧ್ಯಾಹ್ನ ಬಂದಾಗ ಗಿಡದ ಕೆಳಗೆ ಯಾರೂ ಇರಲಿಲ್ಲ. ಗೂಡಿಗೆ ನೆರಳಾಗಿದ್ದ ಟೊಂಗೆ ನೆಲದ ಮೇಲೆ ಬಿದ್ದಿತ್ತು. ತಾಯಿ ಮೇಲೆ ಸುತ್ತುತ್ತಿತ್ತು, ಇಳಿಯಲೊಲ್ಲದು. ಮರಿ ಬಿಸಿಲಿಗೆ ಕತ್ತು ಚೆಲ್ಲಿ ಸತ್ತಿತ್ತು. ಸರ್ ಹೋದ ಮೇಲೆ ಜಿಲಾನಸಾಬ ಬಂದು ಕಡಿದ ಎಂದೇ ನಂಬಿದೆ. ಟೊಂಗೆ ಕಡಿಯುವವರು ಆಡಿನವರಲ್ಲದೆ ಇನ್ನಾರು?

ಬೈದು ಬಂದ ಮರುದಿನ ಅವನ ಮಾತು ಚುಚ್ಚತೊಡಗಿತು. ಹೋಗಿ ನೋಡಿದೆ. ನಮ್ಮ ಕಡೆ ಆಡು ಕಾಯುವವರು ಟೊಂಗೆಯನ್ನು ಪೂರ್ತಿ ಕಡಿಯುವುದಿಲ್ಲ. ಅರ್ಧ ಕಡಿದು ಬಗ್ಗಿಸುತ್ತಾರೆ. ತೊಗಟೆ ಹಿಡಿದಿರುತ್ತದೆ, ಆಡು ಮೇಯುತ್ತವೆ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಇದು ಸಣ್ಣ ಮಕ್ಕಳಿಗೂ ಗೊತ್ತು. ಈ ಟೊಂಗೆಯನ್ನೋ ಗರಗಸದಲ್ಲಿ ಹಲಗೆಯಂತೆ ಸಾಫಾಗಿ ಕೊಯ್ದಿದ್ದರು.

ಸರ್‌ಗೆ ಫೋನ್ ಮಾಡಿದೆ.

"ಫೋಟೋಕ್ಕ ಆ ಟೊಂಗಿ ಅಡ್ಡ ಬರ್ತಿತ್ರಿ," ಎಂದರು ಸರ್. "ಅರ್ಧ ತಾಸಿನ ಕೆಲಸ ಅಂದ್ಕೊಂಡಿದ್ವಿ, ಗೆಳೆಯಾರು ಕ್ಯಾಮೆರಾ ಬಿಟ್ಟ ಏಳಲಿಲ್ಲ. ನಿಮ್ಮ ವಹಿ ನೋಡೇ ಹೋಗಿದ್ವಿ. ಹತ್ತಕ್ಕ ಹೋದ್ರ ಹನ್ನೆರಡರತನಕ ತಾಯಿ ಬರೂದಿಲ್ಲಂತ ನೀವ ಬರದೀರಲ್ಲ? ಫೋಟೋದ ಕೆಳಗ ನಿಮ್ಮ ಹೆಸರೂ ಹಾಕೇನಿ."

ಫೋನ್ ಇಟ್ಟೆ. ಮೂರು ವರ್ಷ ಮರಿ ಕಾಯಲು ಬರೆದೆ ಅಂದುಕೊಂಡಿದ್ದೆನಲ್ಲ, ಆ ಮಾಸ್ತರನಿಗೆ ಹೊಂಚು ಹಾಕಲು ಹೊತ್ತು ಗೊತ್ತುಮಾಡಿ ಕೊಟ್ಟಿದ್ದೆ!

ಜಿಲಾನಸಾಬಣ್ಣನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. "ಕಳ್ಳ ಅಂದದ್ದು ಕಟ್ಟಿ ಮುಂದ. ಇದನ್ನೂ ಅಲ್ಲೇ ಹೇಳು" ಎಂದ.

ಕಟ್ಟೆಯ ಮೇಲೆ ಮಂದಿ ಫೋನಿನಲ್ಲಿ ಆ ಫೋಟೋವನ್ನೇ ನೋಡುತ್ತಿದ್ದರು. "ನಿನ್ನ ಹೆಸರ ಬಂದೈತಲ್ಲಬೇ!" ಎಂದು ನಕ್ಕರು.

"ಜಿಲಾನಸಾಬಣ್ಣ ಕಡದಿಲ್ಲ," ಎಂದೆ. "ಕಡದಾವ ಆ ಮಾಸ್ತರ. ಅವನಿಗೆ ಹೊತ್ತು ಬರದು ಕೊಟ್ಟಾಕಿ ನಾನು."

ಆಡು ಹೊಡೆದುಕೊಂಡು ನನ್ನ ಹಿಂದೆಯೇ ಬಂದು ನಿಂತಿದ್ದ ಜಿಲಾನಸಾಬಣ್ಣ ದೋಟಿ ಹೆಗಲಿಗೇರಿಸಿದ.

"ನನ್ನ ಮಾತು ನಾ ಉಳಿಸ್ಕೊಂಡೆ, ತಂಗಿ. ಹಾರೂ ಮರೀನ ಇಲ್ಲ, ಇನ್ನ ಆ ಗಿಡ ನನ್ನ ಆಡಿಗೆ."

ಆಡುಗಳು ನಮ್ಮ ಹೊಲದ ದಾರಿ ಹಿಡಿದವು. ಬ್ಯಾಡ ಅನ್ನಲು ನನಗೆ ಬಾಯಿ ಬರಲಿಲ್ಲ.