ಬಿರುಕು ಬಿಟ್ಟ ತಡೆಗೋಡೆ

ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದ ಹುಡುಗಿಗೆ, ಎಂಜಿನಿಯರುಗಳ ಸಂಘಕ್ಕೆ ಸೇರು ಎಂದು ಚಿಕ್ಕಮ್ಮ ಆರು ತಿಂಗಳಿಂದ ದುಂಬಾಲು ಬಿದ್ದಿದ್ದಳು. ಚಿಕ್ಕಮ್ಮನೂ ಎಂಜಿನಿಯರೇ. "ಓದೋಕೇ ಪುರುಸೊತ್ತಿಲ್ಲ, ಆ ಭಾಷಣ ಯಾರು ಕೇಳ್ತಾರೆ?" ಎಂದು ಹುಡುಗಿ ಜಾರಿಕೊಳ್ಳುತ್ತಿದ್ದಳು. ಕೊನೆಗೆ, ಅಲ್ಲಿ ಅಂಥದ್ದೇನಿದೆ ನೋಡೇಬಿಡೋಣ ಎಂದು ಒಂದು ಸಂಜೆ ಜೊತೆಗೆ ಹೋದಳು.

ಸಣ್ಣ ಕೋಣೆ, ಮೂವತ್ತು ಕುರ್ಚಿ. ತಲೆ ನರೆತ ಎಂಜಿನಿಯರೊಬ್ಬರು ಪರದೆಯ ಮೇಲೆ, ಗುಡ್ಡದ ಮಣ್ಣು ಜಾರದಂತೆ ಕಟ್ಟಿದ ತಡೆಗೋಡೆಯ ಚಿತ್ರ ತೋರಿಸಿದರು. ಗೋಡೆ ಹೊಟ್ಟೆ ಉಬ್ಬಿಸಿಕೊಂಡು ಬಿರುಕು ಬಿಟ್ಟಿತ್ತು. "ಕಟ್ಟಿಸಿದವನು ನಾನು. ತಪ್ಪು ಮಾಡಿದವನೂ ನಾನೇ. ಈ ಸಲ ತಪ್ಪು ತೋರಿಸೋ ಸರದಿ ನಂದು," ಎಂದರು.

ಹುಡುಗಿಯ ಕಿವಿ ನೆಟ್ಟಗಾಯಿತು. ಅವಳ ಪುಸ್ತಕಗಳಲ್ಲಿ ಯಾವ ಗೋಡೆಯೂ ಬಿರುಕು ಬಿಟ್ಟಿರಲಿಲ್ಲ. ಅವಳಿಗೇ ತಿಳಿಯದಂತೆ ಕೈ ಮೇಲೆದ್ದಿತು.

"ಸರ್, ನೀರು ಹೋಗೋಕೆ ತೂತು ಬಿಟ್ಟಿರಲಿಲ್ವಾ?"

"ಬಿಟ್ಟಿದ್ದೆ ಕಣಮ್ಮ. ಅದರ ಹಿಂದೆ ಜಲ್ಲಿ ತುಂಬಿದ್ದಾರಾ ಅಂತ ಹೋಗಿ ನೋಡಲಿಲ್ಲ. ಬರೀ ಮಣ್ಣು ಸುರಿದಿದ್ರು. ತೂತು ಕಟ್ಟಿಕೊಂಡು ನೀರು ಹಿಂದೆಯೇ ನಿಂತು ಗೋಡೆನ ತಳ್ಳಿತು."

"ಈಗ ಗೋಡೆ ಒಡೆಯಲೇಬೇಕಾ? ಹೊಸ ತೂತು ಕೊರೆದ್ರೆ ಸಾಲದಾ?"

ಅವರು ಕನ್ನಡಕ ತೆಗೆದು ಯೋಚಿಸಿದರು. "ಗೊತ್ತಿಲ್ಲ. ಭಾನುವಾರ ನಾವು ನಾಲ್ಕು ಜನ ನೋಡೋಕೆ ಹೋಗ್ತಿದ್ದೀವಿ. ನೀನೂ ಬಾ."

ಭಾನುವಾರ ಅವಳು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಅಳತೆ ಟೇಪು ಹಿಡಿದಳು, ದೊಡ್ಡವರ ವಾದವನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದಳು. ಉಬ್ಬಿದ ಕಡೆ ಒಡೆಯಬೇಕು, ಉಳಿದ ಕಡೆ ತೂತು ಕೊರೆದರೆ ಸಾಕು ಎಂದು ತೀರ್ಮಾನವಾಯಿತು.

ಮನೆಗೆ ಬಂದವಳು ಕಾಲು ತೊಳೆಯುವ ಮೊದಲೇ ಚಿಕ್ಕಮ್ಮನಿಗೆ ಫೋನು ಮಾಡಿದಳು. "ಸೇರೋಕೆ ಅರ್ಜಿ ತಗೊಂಡು ಬಾ. ಮುಂದಿನ ಸಲ ಯಾರ ತಪ್ಪು ತೋರಿಸ್ತಾರೆ?"

"ನಂದು," ಎಂದು ಚಿಕ್ಕಮ್ಮ ನಕ್ಕಳು.